ಹದಿನಾಲ್ಕು ಮೂಳೆಗಳ ಲೆಕ್ಕ

ಮೆನುವಿನಲ್ಲಿ ಅಡುಗೆಯ ಹೆಸರಿಗಿಂತ ಫಾರ್ಮಿನ ಹೆಸರೇ ದಪ್ಪಕ್ಷರದಲ್ಲಿತ್ತು. ಮಾಂಸ ವಿಸ್ಕಾನ್ಸಿನ್‌ನ ಒಂದು ಕುಟುಂಬದ್ದು, ಮೂರು ತಲೆಮಾರಿನಿಂದ ಹೆರ್ಫರ್ಡ್ ತಳಿ ಸಾಕುತ್ತಿರುವವರು; ಬೆಣ್ಣೆ ಇಂಥ ಡೇರಿಯದು; ಕ್ಯಾರೆಟ್ ಇಂಥವರ ಹೊಲದ್ದು; ಜೇನು ಇದೇ ಕಟ್ಟಡದ ತಾರಸಿಯ ಪೆಟ್ಟಿಗೆಗಳದ್ದು. ಓದುತ್ತ ಹೋದಂತೆ ಹಸಿವಿನ ಜೊತೆಗೆ ಒಂದು ನೆಮ್ಮದಿಯೂ ಹುಟ್ಟುತ್ತದೆ. ತಟ್ಟೆಗೆ ಬರುವುದು ಯಾರ ಕೈ ದಾಟಿ ಬಂತೆಂದು ತಿಳಿದು ತಿನ್ನುವ ನೆಮ್ಮದಿ. ಷಿಕಾಗೊ ನಗರದ ರ‍್ಯಾಂಡಾಲ್ಫ್ ಬೀದಿಯಲ್ಲಿ, ಮಾರ್ಚ್ ಮೊದಲ ವಾರದ ಒಂದು ಗುರುವಾರ ಸಂಜೆ, ಅಕ್ಕನ ಮಗ ಮತ್ತು ಅವನ ಹೆಂಡತಿಯ ಎದುರು ಕೂತು ನಾನು ಆ ಮೆನುವನ್ನು ಎರಡು ಸಲ ಓದಿದೆ.

ರೆಸ್ಟೋರೆಂಟಿನ ಹೆಸರು ಇಲ್ಲಿ ಬೇಡ. ‘ಫಾರ್ಮ್ ಟು ಟೇಬಲ್’ ಎಂದು ಬರೆದುಕೊಂಡ ದುಬಾರಿ ಸ್ಟೇಕ್‌ಹೌಸುಗಳು ಅಮೆರಿಕದ ದೊಡ್ಡ ಊರುಗಳಲ್ಲೆಲ್ಲ ಇವೆ. ನನ್ನ ಮಾತು ಆ ಪದ್ಧತಿಯ ಬಗ್ಗೆ. ಇನ್ನೊಂದನ್ನೂ ಮೊದಲೇ ಹೇಳಿಬಿಡುತ್ತೇನೆ. ನಾನು ಬೆಳೆದದ್ದು ಮಂಡ್ಯ ಸೀಮೆಯ, ಕುರಿ ಕೋಳಿ ತಿನ್ನುವ ಮನೆಯಲ್ಲಿ. ದನದ ಮಾಂಸ ನಮ್ಮ ಹೊಸ್ತಿಲು ದಾಟಿದ್ದಿಲ್ಲ. ತಿನ್ನಲು ಕಲಿತದ್ದು ಊರು ಬಿಟ್ಟ ಮೇಲೆ. ಒಂದು ನೆಲದ ಊಟವನ್ನು ತೂಗಬೇಕಾದರೆ ಆ ನೆಲದವರು ತಿನ್ನುವ ಹಾಗೆ ತಿಂದೇ ತೂಗಬೇಕು ಎಂದು ನಂಬಿದವನು ನಾನು.

ಈ ಬೀದಿಗೆ ಈ ಊಟ ಬಂದದ್ದರ ಹಿಂದೆ ಒಂದು ಚರಿತ್ರೆಯಿದೆ. ರ‍್ಯಾಂಡಾಲ್ಫ್ ಬೀದಿಯ ಮಗ್ಗುಲಿಗೇ ಫುಲ್ಟನ್ ಮಾರ್ಕೆಟ್. ನಗರದ ಸಗಟು ಮಾಂಸ, ಮೊಟ್ಟೆ, ತರಕಾರಿಯ ಪೇಟೆಯಾಗಿತ್ತು ಅದು. ಬೆಳಗಿನ ಜಾವಕ್ಕೆ ಲಾರಿಗಳು ಬಂದು, ಸೂರಿನ ಕೊಕ್ಕೆಗಳಿಗೆ ಮಾಂಸದ ತೊಲೆಗಳು ಏರುತ್ತಿದ್ದ ಜಾಗ. 2015ರಲ್ಲಿ ನಗರಾಡಳಿತ ಅದನ್ನು ಚಾರಿತ್ರಿಕ ವಲಯವೆಂದು ಘೋಷಿಸಿತು. ಅಲ್ಲಿನ ಹಳೆಯ ಕೋಲ್ಡ್ ಸ್ಟೋರೇಜ್ ಕಟ್ಟಡದೊಳಕ್ಕೆ ಗೂಗಲ್ ಬಂತು, 2018ರಲ್ಲಿ ಮೆಕ್‌ಡೊನಾಲ್ಡ್ಸ್ ತನ್ನ ಮುಖ್ಯ ಕಚೇರಿಯನ್ನೇ ಈ ಬೀದಿಗೆ ತಂದಿತು. ಮಾಂಸದ ಕೆಲಸ ಹೋಗಿ ಮಾಂಸದ ಊಟ ಉಳಿದುಕೊಂಡಿದೆ. ನಾವು ಕೂತಿದ್ದ ಹಜಾರದ ಸೂರಿನಲ್ಲಿಯೂ ಹಳೆಯ ಕಬ್ಬಿಣದ ಕಂಬಿ ಇತ್ತು. ಅದಕ್ಕೆ ದೀಪ ತೂಗುಹಾಕಿದ್ದರು.

ಇನ್ನೂ ಹಿಂದಕ್ಕೆ ಹೋದರೆ ಯೂನಿಯನ್ ಸ್ಟಾಕ್‌ಯಾರ್ಡ್ಸ್. 1865ರ ಕ್ರಿಸ್ಮಸ್ ದಿನ ನಗರದ ದಕ್ಷಿಣಕ್ಕೆ ಶುರುವಾದ ಆ ದನದ ದೊಡ್ಡಿಗೆ ಪಶ್ಚಿಮದ ಹುಲ್ಲುಗಾವಲುಗಳಿಂದ ರೈಲುಗಟ್ಟಲೆ ಪ್ರಾಣಿಗಳು ಬಂದಿಳಿದವು. ಮೊದಲು ಪೂರ್ವದ ಊರುಗಳಿಗೆ ಹೋಗುತ್ತಿದ್ದದ್ದು ಜೀವಂತ ದನ. ಕೊಯ್ಯುತ್ತಿದ್ದದ್ದು ತಿನ್ನುವ ಊರಿನಲ್ಲೇ. ಹಾಗಾಗಿ ಕೊಂಬು, ಚರ್ಮ, ಗೊರಸು, ತಿನ್ನಲಾಗದ ಎಲ್ಲದಕ್ಕೂ ರೈಲು ಬಾಡಿಗೆ ತೆರಬೇಕಿತ್ತು. ಗುಸ್ಟಾವಸ್ ಸ್ವಿಫ್ಟ್ ಎಂಬ ವ್ಯಾಪಾರಿ 1880ರ ಆಸುಪಾಸಿಗೆ ಮಂಜುಗಡ್ಡೆ ತುಂಬಿದ ರೈಲು ಡಬ್ಬಿಗಳನ್ನು ಓಡಿಸಿ ಅದನ್ನು ತಿರುಗುಮುರುಗು ಮಾಡಿದ. ಷಿಕಾಗೊದಲ್ಲೇ ಕೊಯ್ದು, ಮಾಂಸವನ್ನಷ್ಟೇ ಸಾವಿರ ಮೈಲಿ ಕಳಿಸುವುದು. ಇತಿಹಾಸಕಾರ ವಿಲಿಯಂ ಕ್ರೋನನ್ 1991ರಲ್ಲಿ ಬರೆದ ‘ನೇಚರ್ಸ್ ಮೆಟ್ರೊಪೊಲಿಸ್’ ಪುಸ್ತಕದಲ್ಲಿ ಇದರ ಫಲವನ್ನು ವಿವರಿಸುತ್ತಾನೆ: ಮಾಂಸ ಮತ್ತು ಪ್ರಾಣಿಯ ನಂಟು ತಿನ್ನುವವರ ಮನಸ್ಸಿನಿಂದ ಅಳಿಯಿತು. ನ್ಯೂಯಾರ್ಕಿನವನಿಗೆ ದನ ಕಾಣದಾಯಿತು, ಅದು ಮೇದ ಬಯಲು ಕಾಣದಾಯಿತು, ಕೊಯ್ದವನ ಮುಖ ಕಾಣದಾಯಿತು. ಅಪ್ಟನ್ ಸಿಂಕ್ಲೇರ್ 1906ರಲ್ಲಿ ‘ದಿ ಜಂಗಲ್’ ಬರೆದದ್ದು ಕೊಯ್ದವರ ಬವಣೆಯನ್ನು ತೋರಿಸಲಿಕ್ಕೆ. ಓದಿದ ದೇಶ ಬೆಚ್ಚಿದ್ದು ತನ್ನ ತಟ್ಟೆಯನ್ನು ನೋಡಿ. ಅದೇ ವರ್ಷ ಮಾಂಸ ತಪಾಸಣೆಯ ಕಾಯಿದೆ ಬಂತು.

ಇದನ್ನೆಲ್ಲ ಹೇಳಿದ್ದಕ್ಕೆ ಕಾರಣವಿದೆ. ಆ ನಂಟನ್ನು ಕಡಿದ ಊರಿನಲ್ಲೇ ಇವತ್ತು ಆ ನಂಟು ಮಾರಾಟಕ್ಕಿದೆ. ಸ್ಟಾಕ್‌ಯಾರ್ಡ್ಸ್ ಬಾಗಿಲು ಮುಚ್ಚಿದ್ದು 1971ರ ಜುಲೈ ಕೊನೆಗೆ. ಅದೇ ಬೇಸಿಗೆಯಲ್ಲಿ, ಆಗಸ್ಟ್ 28ರಂದು, ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಆಲಿಸ್ ವಾಟರ್ಸ್ ತನ್ನ ‘ಶೆ ಪನೀಸ್’ ತೆರೆದಳು. ಹತ್ತಿರದ ಬೆಳೆಗಾರರಿಂದ ಕೊಂಡು, ಆ ದಿನ ಸಿಕ್ಕಿದ್ದರಲ್ಲಿ ಅಡುಗೆ ಮಾಡುವ ದಾರಿಯನ್ನು ಅಮೆರಿಕಕ್ಕೆ ಕಾಣಿಸಿದ ಮನೆ ಅದು. ಬೆಳೆದದ್ದೇ ಮೆನುವನ್ನು ನಿರ್ಧರಿಸಬೇಕು ಎಂಬುದು ಆ ದಾರಿಯ ಜೀವ. ನಾನು ಅಂದು ಸಂಜೆ ತೂಗಿದ್ದು ಈ ತಕ್ಕಡಿಯಲ್ಲೇ.

ಊಟಕ್ಕೆ ಬರೋಣ. ಮೊದಲು ಬಂದ ಹುಳಿಹಿಟ್ಟಿನ ಬ್ರೆಡ್ಡಿನ ಸಿಪ್ಪೆ ಕಟಕಟ ಅನ್ನುವಷ್ಟು ಕಾದಿತ್ತು. ಜೊತೆಗಿದ್ದ ಬೆಣ್ಣೆ ಮನೆಯಲ್ಲಿ ಮೊಸರು ಕಡೆದು ತೆಗೆದ ಬೆಣ್ಣೆಯಂತೆ ಸಣ್ಣಗೆ ಹುಳಿ. ಕೆನೆಯಲ್ಲಿ ಬೇಯಿಸಿದ ಪಾಲಕ್ ಸ್ಟೇಕ್‌ಹೌಸುಗಳ ಹಳೆಯ ಪಕ್ಕವಾದ್ಯ. ಇಲ್ಲಿ ಅದು ಸೊಗಸಾಗಿತ್ತು. ಚಳಿಗೆ ಸಿಕ್ಕ ಪಾಲಕ್ ಎಲೆಯಲ್ಲಿ ಸಕ್ಕರೆ ಕೂಡುತ್ತದೆ, ಆ ಸಿಹಿ ಕೆನೆಯ ಅಡಿಯಲ್ಲೂ ನಾಲಿಗೆಗೆ ಹತ್ತಿತು. ಪ್ಲಾಸ್ಟಿಕ್ ಮನೆಯೊಳಗೆ ಚಳಿಗಾಲ ಕಳೆದ ಸೊಪ್ಪು ಎಂದು ಹೇಳದೆಯೂ ತಿಳಿಯಿತು. ಆದರೆ ಅದರ ಪಕ್ಕದಲ್ಲೇ ಸುಟ್ಟ ಆಸ್ಪರಾಗಸ್ ಇತ್ತು. ಸಲಾಡಿನ ಮೇಲೆ ಟೊಮೆಟೊ ಇತ್ತು. ಮಾರ್ಚ್ ಮೊದಲ ವಾರ, ಹೊರಗೆ ಫುಟ್‌ಪಾತಿನ ಅಂಚಿಗೆ ಹಿಮ ಇನ್ನೂ ಗುಡ್ಡೆಯಾಗಿ ನಿಂತಿದೆ. ಇಲಿನಾಯ್, ಮಿಷಿಗನ್ ಸೀಮೆಯಲ್ಲಿ ಆಸ್ಪರಾಗಸ್ ನೆಲ ಒಡೆದು ಬರುವುದು ಏಪ್ರಿಲ್ ಕೊನೆಗೆ. ಆ ಎರಡರ ಮುಂದೆ ಯಾವ ಫಾರ್ಮಿನ ಹೆಸರೂ ಇರಲಿಲ್ಲ. ಟೊಮೆಟೊ ಸಪ್ಪೆ, ನಡುವೆ ಬಿಳಿ. ನನಗೆ ಬೇಸರವಾದದ್ದು ರುಚಿಗಿಂತ ಹೆಚ್ಚಾಗಿ ಆ ಮೌನಕ್ಕೆ. ಗಡ್ಡೆಗಳ ಕಾಲ ಅದು: ಬೀಟ್‌ರೂಟ್, ಸೆಲರಿ ಗಡ್ಡೆ, ಪಾರ್ಸ್ನಿಪ್, ನೆಲಮಾಳಿಗೆಯಲ್ಲಿ ಇಟ್ಟ ಆಲೂಗಡ್ಡೆ. ನಿಜಕ್ಕೂ ಹೊಲವನ್ನು ನೋಡಿ ಬರೆದ ಮೆನುವಿಗೆ ಅಷ್ಟು ಸಾಕಾಗಬೇಕಿತ್ತು.

ಆಮೇಲೆ ಸ್ಟೇಕ್. ಮೂಳೆಸಮೇತದ ರಿಬ್‌ಐ, 22 ಔನ್ಸ್, ನಮ್ಮ ಲೆಕ್ಕದಲ್ಲಿ 600 ಗ್ರಾಮಿಗೆ ತುಸು ಮೇಲೆ. ಬೆಲೆ 98 ಡಾಲರ್. ನಲವತ್ತೈದು ದಿನ ತಂಪುಕೋಣೆಯಲ್ಲಿ ಒಣಗಿಸಿ ಹದಗೊಳಿಸಿದ್ದು. ಈ ಹದದ ಬಗ್ಗೆ ನನಗೆ ತುಂಬು ಗೌರವವಿದೆ. ಹೆಪ್ಪುಗಟ್ಟುವುದಕ್ಕೆ ಒಂದೆರಡು ಡಿಗ್ರಿ ಮೇಲಿನ ತಂಪಿನಲ್ಲಿ, ಗಾಳಿ ಆಡುವ ಕೋಣೆಯಲ್ಲಿ ಮಾಂಸವನ್ನು ಬರಿದೇ ಇಡುತ್ತಾರೆ. ಹೊರಮೈ ಒಣಗಿ ಕಪ್ಪು ಸಿಪ್ಪೆಯಾಗುತ್ತದೆ, ಒಳಗೆ ಮಾಂಸದ್ದೇ ಕಿಣ್ವಗಳು ನಾರನ್ನು ಸಡಿಲಿಸುತ್ತವೆ. ನೀರು ಆರಿ ತೂಕ ಇಳಿಯುತ್ತದೆ, ಸಿಪ್ಪೆ ಕೆತ್ತಿ ತೆಗೆದಾಗ ಇನ್ನಷ್ಟು ಇಳಿಯುತ್ತದೆ. ಉಳಿದದ್ದರಲ್ಲಿ ರುಚಿ ಕೂಡುತ್ತದೆ. ತೂಕ ಕಳೆದುಕೊಂಡು ರುಚಿ ಗಳಿಸುವ ಈ ವ್ಯಾಪಾರಕ್ಕೆ ತಾಳ್ಮೆ ಬೇಕು, ಕಣ್ಣು ಬೇಕು. ಓಕ್ ಕಟ್ಟಿಗೆಯ ಕೆಂಡದ ಮೇಲೆ ಸುಟ್ಟು, ಕೆಲವು ನಿಮಿಷ ಆರಲು ಬಿಟ್ಟು ತಂದರು. ಮೇಲ್ಮೈ ಕಂದಿ ಗರಿಗರಿ, ಒಳಗೆ ಅಂಚಿನಿಂದ ಅಂಚಿಗೆ ಒಂದೇ ಗುಲಾಬಿ. ಮೊದಲ ತುತ್ತಿಗೆ ಹುರಿದ ಕಡಲೆಕಾಯಿಯ ವಾಸನೆ, ಆಮೇಲೆ ಹಳೆಯ ಚೀಸಿನ ಘಾಟು, ಕೊನೆಗೆ ಕೊಬ್ಬು ಕರಗಿದ ಸಿಹಿ. ಬೆಂಕಿಯ ಮುಂದೆ ನಿಂತಿದ್ದ ಕೈ ಪಳಗಿದ ಕೈ. ಅದರಲ್ಲಿ ನನಗೆ ಕಿಂಚಿತ್ತೂ ಅನುಮಾನವಿಲ್ಲ.

ಅನುಮಾನ ಇದ್ದದ್ದು ಮೆನುವಿನ ಎರಡು ಮಾತುಗಳು ಒಂದೇ ಸಾಲಿನಲ್ಲಿ ಕೂತಿದ್ದರ ಬಗ್ಗೆ: ‘ಹುಲ್ಲುಗಾವಲಿನಲ್ಲಿ ಬೆಳೆದದ್ದು’ ಮತ್ತು ‘ಪ್ರೈಮ್’. ಪ್ರೈಮ್ ಎಂಬುದು ಅಮೆರಿಕದ ಕೃಷಿ ಇಲಾಖೆ ಕೊಡುವ ಅತ್ಯುಚ್ಚ ದರ್ಜೆ. ಹನ್ನೆರಡು ಮತ್ತು ಹದಿಮೂರನೆಯ ಪಕ್ಕೆಲುಬಿನ ನಡುವೆ ಕೊಯ್ದು, ಕೆಂಪಿನೊಳಗೆ ಹರಡಿದ ಬಿಳಿ ಕೊಬ್ಬಿನ ಎಳೆಗಳನ್ನು ನೋಡಿ ಕೊಡುತ್ತಾರೆ. ಆ ಎಳೆಗಳು ದಟ್ಟವಾಗುವುದು ಕೊನೆಯ ತಿಂಗಳುಗಳಲ್ಲಿ ಮೆಕ್ಕೆಜೋಳ ತಿನ್ನಿಸಿ ಕೊಬ್ಬಿಸಿದಾಗ. ಬರೀ ಹುಲ್ಲಿನಲ್ಲಿ ಕೊನೆಮುಟ್ಟಿದ ದನ ಆ ದರ್ಜೆಗೆ ಏರುವುದು ಅಪರೂಪ. ಅಮೆರಿಕದ ಮಾಂಸದ ಕರುಗಳೆಲ್ಲ ಹೆಚ್ಚುಕಡಿಮೆ ಹುಟ್ಟಿದ ಮೊದಲ ತಿಂಗಳುಗಳನ್ನು ಹುಲ್ಲಿನ ಮೇಲೆಯೇ ಕಳೆಯುತ್ತವೆ. ಆಮೇಲೆ ಸಾವಿರಗಟ್ಟಲೆ ದನ ಕೂಡಿಟ್ಟ ದೊಡ್ಡಿಗಳಿಗೆ ಹೋಗಿ ಮೆಕ್ಕೆಜೋಳ ತಿನ್ನುತ್ತವೆ. ಹಾಗಾಗಿ ‘ಹುಲ್ಲುಗಾವಲಿನಲ್ಲಿ ಬೆಳೆದದ್ದು’ ಸುಳ್ಳಲ್ಲ, ಅರ್ಧಕ್ಕೆ ನಿಲ್ಲಿಸಿದ ಮಾತು. ಹುಲ್ಲು ತಿಂದ ದನ ಎಂದರೇನೆಂದು ಕೃಷಿ ಇಲಾಖೆಯೇ ಇಟ್ಟಿದ್ದ ಮಾನದಂಡವನ್ನು 2016ರ ಜನವರಿಯಲ್ಲಿ ಹಿಂತೆಗೆದುಕೊಂಡಿತು. ‘ಫಾರ್ಮ್ ಟು ಟೇಬಲ್’ಗಂತೂ ಕಾನೂನಿನ ಅರ್ಥವೇ ಇಲ್ಲ. ಅದೇ 2016ರಲ್ಲಿ ಟ್ಯಾಂಪಾ ಬೇ ಟೈಮ್ಸ್ ಪತ್ರಿಕೆಯ ಆಹಾರ ವಿಮರ್ಶಕಿ ಲಾರಾ ರೈಲಿ ತನ್ನ ಊರಿನ ರೆಸ್ಟೋರೆಂಟುಗಳ ಮೆನು ಹಿಡಿದು, ಅದರಲ್ಲಿ ಹೆಸರಿದ್ದ ಬೆಳೆಗಾರರನ್ನೇ ಕೇಳುತ್ತ ಹೋದಳು. ಎಷ್ಟೋ ಹೆಸರುಗಳ ಹಿಂದೆ ಸರಕೇ ಇರಲಿಲ್ಲ. ವಿಮರ್ಶಕರು ಮಾಡಬೇಕಾದ ಕೆಲಸಕ್ಕೆ ಅದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ನಮ್ಮ ಕಡೆ ಇದು ಹೊಸತೇನೂ ಅಲ್ಲ. ಬೆಂಗಳೂರಿನಲ್ಲಿ ‘ಬನ್ನೂರು ಕುರಿ’ ಎಂದು ಬೋರ್ಡು ಹಾಕದ ಮಟನ್ ಅಂಗಡಿ ಹುಡುಕಬೇಕು. ಅಸಲಿ ಬನ್ನೂರು ತಳಿ, ಆ ಗಿಡ್ಡ ಕಾಲಿನ ತುಂಬು ಮೈಯ ಕುರಿ, ಅದರ ಸೀಮೆಯಲ್ಲೇ ವಿರಳವಾಗುತ್ತ ಬಂದಿದೆ. ಊರಿನ ಹೆಸರು ಕುರಿಗಿಂತ ಬೇಗ ಮರಿ ಹಾಕುತ್ತದೆ.

ಬಡಿಸುತ್ತಿದ್ದ ಹುಡುಗಿಯನ್ನು ನಾನು ಎರಡೇ ಪ್ರಶ್ನೆ ಕೇಳಿದೆ. ಈ ರಿಬ್‌ಐ ಒಂದು ರಾತ್ರಿಗೆ ಎಷ್ಟು ಹೋಗುತ್ತದೆ? ಇದೇ ದನದ ಉಳಿದ ಭಾಗ ಎಲ್ಲಿಗೆ ಹೋಗುತ್ತದೆ? ಮೊದಲನೆಯದಕ್ಕೆ ಸುಮಾರು ಮೂವತ್ತು ಎಂದಳು. ಎರಡನೆಯದಕ್ಕೆ ಅಡುಗೆಮನೆಯಲ್ಲಿ ಕೇಳಿ ಬರುತ್ತೇನೆ ಎಂದು ಹೋದಳು.

ಅವಳು ಬರುವುದರೊಳಗೆ ನಾನು ಕರವಸ್ತ್ರದ ಮೇಲೆ ಲೆಕ್ಕ ಹಾಕಿದೆ. ದನಕ್ಕೆ ಹದಿಮೂರು ಜೊತೆ ಪಕ್ಕೆಲುಬು. ಅಮೆರಿಕದ ಕೊಯ್ತದಲ್ಲಿ ರಿಬ್ ಎಂದು ಬೇರೆ ಮಾಡುವುದು ಆರರಿಂದ ಹನ್ನೆರಡರವರೆಗಿನ ಏಳನ್ನು. ಒಂದೊಂದು ಮೂಳೆಗೆ ಒಂದೊಂದು ದಪ್ಪ ತುಂಡು ಎಂದರೆ ಒಂದು ಮಗ್ಗುಲಿಗೆ ಏಳು, ಎರಡು ಮಗ್ಗುಲಿಗೆ ಹದಿನಾಲ್ಕು. ಒಂದು ಜೀವಕ್ಕೆ ಹದಿನಾಲ್ಕೇ. ಮೂವತ್ತು ತಟ್ಟೆಗೆ ಎರಡು ದನ ದಾಟುತ್ತದೆ. ವಾರಕ್ಕೆ ಆರು ರಾತ್ರಿಯಾದರೆ ಹದಿಮೂರರ ಹತ್ತಿರ. ವರ್ಷಕ್ಕೆ ಆರುನೂರಕ್ಕೂ ಮೇಲೆ. ಅಮೆರಿಕದಲ್ಲಿ ಮಾಂಸಕ್ಕಾಗಿ ದನ ಸಾಕುವ ಒಂದು ಸರಾಸರಿ ಫಾರ್ಮಿನಲ್ಲಿ ತಾಯಿದನಗಳು ಐವತ್ತರೊಳಗೆ. ವರ್ಷಕ್ಕೊಂದು ಕರು ಹಾಕಿದರೂ ಅಷ್ಟೇ ಕರುಗಳು. ದಪ್ಪಕ್ಷರದ ಆ ಒಂದು ಕುಟುಂಬ ಇಷ್ಟನ್ನು ಒದಗಿಸಬೇಕಾದರೆ ಅದು ನಮ್ಮ ಕಣ್ಣ ಮುಂದೆ ಬರುವಂಥ ಕುಟುಂಬ ಆಗಿರಲಾರದು. ಟೆಂಡರ್‌ಲಾಯಿನ್ ಅಂತೂ, ಸೊಂಟದ ಒಳಬದಿಯ ಆ ಮೆತ್ತನೆಯ ತುಂಡು, ಇಡೀ ಪ್ರಾಣಿಗೆ ಎರಡೇ. ಪಕ್ಕೆ ಮತ್ತು ಸೊಂಟ, ಸ್ಟೇಕ್‌ಹೌಸಿಗೆ ಬೇಕಾದ ಭಾಗ ಪೂರ್ತಿ ಸೇರಿದರೂ ಕೊಯ್ದ ದನದ ತೂಕದಲ್ಲಿ ಕಾಲುಭಾಗದ ಆಚೀಚೆ. ಉಳಿದ ಮುಕ್ಕಾಲು ಭುಜ, ತೊಡೆ, ಎದೆ, ಕಾಲು.

ಇಲ್ಲಿಯೇ ನನ್ನ ಮೂಲ ತಕರಾರು ಇರುವುದು. ಹೊಲ ಕೊಡುವುದು ಇಡೀ ಪ್ರಾಣಿಯನ್ನು; ಸ್ಟೇಕ್‌ಹೌಸ್ ಕೇಳುವುದು ಅದರ ಬೆನ್ನನ್ನು ಮಾತ್ರ. ಬೆನ್ನನ್ನಷ್ಟೇ ಕೇಳುವ ಅನುಕೂಲ ಹುಟ್ಟಿದ್ದೂ ಕಾರ್ಖಾನೆಯಿಂದಲೇ. ಅಯೋವಾ ಬೀಫ್ ಪ್ಯಾಕರ್ಸ್ ಎಂಬ ಕಂಪನಿ 1967ರಲ್ಲಿ ಮಾಂಸವನ್ನು ಕೊಯ್ತದ ಜಾಗದಲ್ಲೇ ತುಂಡು ಮಾಡಿ, ಗಾಳಿ ತೆಗೆದ ಚೀಲಕ್ಕೆ ಹಾಕಿ, ರಟ್ಟಿನ ಪೆಟ್ಟಿಗೆಯಲ್ಲಿ ಕಳಿಸತೊಡಗಿತು. ಅಲ್ಲಿಯವರೆಗೆ ಅರ್ಧ ಅಥವಾ ಕಾಲು ದನ ತರಿಸಿ ತಾನೇ ಕೊಯ್ದುಕೊಳ್ಳಬೇಕಿದ್ದವನು ಆಮೇಲೆ ಒಂದೇ ಭಾಗದ ಹತ್ತು ಪೆಟ್ಟಿಗೆ ತರಿಸಬಹುದಾಯಿತು. ಫುಲ್ಟನ್ ಮಾರ್ಕೆಟ್ಟಿನ ಕೊಕ್ಕೆಗಳು ಖಾಲಿಯಾದದ್ದಕ್ಕೆ ಆ ಪೆಟ್ಟಿಗೆಯೂ ಒಂದು ಕಾರಣ.

ಊರಲ್ಲಿ ನಾನು ಕಂಡದ್ದು ಬೇರೆ. ಯುಗಾದಿಯ ಮರುದಿನ ಹೊಸತೊಡಕು. ಹದಿನೈದಿಪ್ಪತ್ತು ಮನೆಯವರು ವರ್ಷವಿಡೀ ಚೀಟಿ ಕಟ್ಟಿ ಕುರಿ ತರುತ್ತಿದ್ದರು. ಕಣದಲ್ಲಿ ಎಲೆ ಹಾಸಿ, ಎಲೆಗೊಂದು ಗುಡ್ಡೆ. ಪ್ರತಿ ಗುಡ್ಡೆಗೂ ತೊಡೆಯದಿಷ್ಟು, ಪಕ್ಕೆಯದಿಷ್ಟು, ಮೂಳೆಯಿಷ್ಟು, ಈಲಿ ಒಂದು ಚೂರು, ಕೊಬ್ಬು ಒಂದು ಚೂರು. ಹಾಕುವವನ ಕೈಯನ್ನು ಇಪ್ಪತ್ತು ಜೊತೆ ಕಣ್ಣು ಕಾಯುತ್ತಿದ್ದವು. ಬೋಟಿ, ತಲೆ, ಕಾಲು ಬೇರೆ ಲೆಕ್ಕ; ಅದಕ್ಕೂ ಜಗಳ. ಗುಡ್ಡೆ ಬಾಡಿನಲ್ಲಿ ಯಾರಿಗೂ ‘ನನಗೆ ಬೆನ್ನು ಮಾತ್ರ ಕೊಡು’ ಎನ್ನುವ ಹಕ್ಕಿರಲಿಲ್ಲ. ಫ್ರಿಜ್ ಇಲ್ಲದ ಕಾಲದ ಕಟ್ಟುಪಾಡು ಅದು, ಬಡತನದ್ದೂ ಹೌದು. ಆದರೆ ಒಂದು ಪ್ರಾಣಿ ಎಷ್ಟು ಎಂಬುದು ಎಂಟು ವರ್ಷದ ನನಗೂ ಕಣ್ಣಳತೆಯಲ್ಲಿ ಗೊತ್ತಿತ್ತು. 98 ಡಾಲರ್ ತೆತ್ತು ಕೂತ ಹಜಾರದಲ್ಲಿ ಅದು ಯಾರಿಗೂ ಕಾಣುತ್ತಿರಲಿಲ್ಲ.

ಆಗದ ಕೆಲಸವನ್ನು ಕೇಳುತ್ತಿದ್ದೇನೆ ಎಂದುಕೊಳ್ಳಬೇಡಿ. ಇಟಲಿಯ ಟಸ್ಕನಿಯ ಪಾನ್ಜಾನೊ ಊರಿನಲ್ಲಿ ದಾರಿಯೊ ಚೆಕ್ಕೀನಿ ಎಂಬ ಮಾಂಸದಂಗಡಿಯವನಿದ್ದಾನೆ. ಅವನ ಒಂದು ಊಟದ ಮನೆಯಲ್ಲಿ ಸ್ಟೇಕ್; ಇನ್ನೊಂದು, ‘ಸೊಲೊಚಿಚ್ಚಾ’, ಇರುವುದೇ ದನದ ಉಳಿದ ಭಾಗಗಳಿಗಾಗಿ. ನ್ಯೂಯಾರ್ಕಿನ ಬಾಣಸಿಗ ಡ್ಯಾನ್ ಬಾರ್ಬರ್ 2014ರ ‘ದಿ ಥರ್ಡ್ ಪ್ಲೇಟ್’ ಪುಸ್ತಕದಲ್ಲಿ ಇದೇ ನೋವನ್ನು ಮೂರು ತಟ್ಟೆಗಳಾಗಿ ಚಿತ್ರಿಸುತ್ತಾನೆ. ಮೊದಲ ತಟ್ಟೆಯಲ್ಲಿ ಮೆಕ್ಕೆಜೋಳ ತಿಂದ ದನದ ದೊಡ್ಡ ಸ್ಟೇಕ್, ಅಂಚಿಗೆ ತುಸು ತರಕಾರಿ. ಎರಡನೆಯದರಲ್ಲಿ ಹುಲ್ಲು ತಿಂದ ದನ, ಸಾವಯವ ತರಕಾರಿ, ಆದರೆ ತಟ್ಟೆಯ ಆಕಾರ ಅದೇ. ಮೂರನೆಯದರಲ್ಲಿ ನಡುಮಧ್ಯೆ ಕ್ಯಾರೆಟ್. ದನದ ಕಡಿಮೆ ಬೆಲೆಯ ಭಾಗಗಳನ್ನು ನಿಧಾನಕ್ಕೆ ಬೇಯಿಸಿದ ಗೊಜ್ಜು ಅದರ ಮೇಲೆ. ನಾವು ಕೂತಿದ್ದದ್ದು ಎರಡನೆಯ ತಟ್ಟೆಯ ಮುಂದೆ. ಅಕ್ಕನ ಮಗನ ಹೆಂಡತಿ ಮಾಂಸ ತಿನ್ನುವವಳಲ್ಲ. ನಾಲ್ಕು ಬಗೆಯ ಹೊಲಗಳ ಹೆಸರು ಓದಿ ಬಂದವಳಿಗೆ ಊಟವೆಂದು ಸಿಕ್ಕಿದ್ದು ಪಾಲಕ್, ಸುಟ್ಟ ಕ್ಯಾರೆಟ್ ಮತ್ತು ಆಲೂಗಡ್ಡೆ. ಮೂರೂ ಇನ್ನೊಬ್ಬರ ಸ್ಟೇಕಿನ ಪಕ್ಕಕ್ಕೆಂದು ಮಾಡಿದ ತಟ್ಟೆಗಳು. ಕ್ಯಾರೆಟ್ ಎಷ್ಟು ಚೆನ್ನಾಗಿತ್ತೆಂದರೆ, ಅದನ್ನು ಬೆಳೆದವರಿಗೆ ಇಲ್ಲಿ ಒಂದು ಪೂರ್ಣ ಊಟದ ಗೌರವ ಸಿಗಬೇಕಿತ್ತು ಅನ್ನಿಸಿತು.

ಹುಡುಗಿ ಬರಲಿಲ್ಲ, ಅವಳ ಬದಲು ಅಡುಗೆಯವನೇ ಬಂದ. ಮೂವತ್ತೈದರ ಆಸುಪಾಸಿನವನು, ಮುಂಗೈ ತುಂಬ ಸುಟ್ಟ ಕಲೆ. ನೇರವಾಗಿ ಹೇಳಿದ. ರಿಬ್, ಸ್ಟ್ರಿಪ್, ಟೆಂಡರ್‌ಲಾಯಿನ್ ಬರುವುದು ಪೆಟ್ಟಿಗೆಗಳಲ್ಲಿ, ಹಲವು ಫಾರ್ಮುಗಳ ದನ ಕೊಳ್ಳುವ ಒಬ್ಬ ವಿತರಕನಿಂದ. ಮೆನುವಿನಲ್ಲಿರುವ ಕುಟುಂಬವೂ ಅವುಗಳಲ್ಲಿ ಒಂದು. ಆ ಕುಟುಂಬದಿಂದಲೇ ನೇರವಾಗಿ ಬರುವುದು ಎರಡು ವಾರಕ್ಕೊಮ್ಮೆ, ಮಂಗಳವಾರ, ಅರ್ಧ ದನ. ಅದನ್ನು ತಾನೇ ಕೊಯ್ಯುತ್ತೇನೆ ಎಂದ. ಅದರ ಬಗ್ಗೆ ಮಾತಾಡುವಾಗ ಅವನ ಕೈ ಗಾಳಿಯಲ್ಲೇ ಚಾಕು ಆಡಿಸುತ್ತಿತ್ತು. ಆ ಅರ್ಧದಲ್ಲಿ ಸ್ಟೇಕ್ ಒಂದೇ ರಾತ್ರಿಗೆ ಮುಗಿಯುತ್ತದೆ, ಉಳಿದದ್ದು ಮಧ್ಯಾಹ್ನದ ಬರ್ಗರಿಗೆ, ಸಾರಿಗೆ, ಮತ್ತೆ ಮೆನುವಿನ ಕೆಳಮೂಲೆಯಲ್ಲಿರುವ ಒಂದು ತಟ್ಟೆಗೆ.

ಕೆಳಮೂಲೆಯನ್ನು ನಾನು ಎರಡು ಸಲ ಓದಿಯೂ ದಾಟಿದ್ದೆ. ಸಣ್ಣಕ್ಷರ, ಫಾರ್ಮಿನ ಹೆಸರಿಲ್ಲ: ಕಾಲಿನ ಮಾಂಸ, ಬಾರ್ಲಿ, ಗಡ್ಡೆ. 26 ಡಾಲರ್.

ತರಿಸಿದೆವು. ಆ ಸಂಜೆಯ ಊಟ ಅದೇ. ದನದ ಕಾಲು ಎಂದರೆ ನಾರು, ನರ, ಅಂಟು. ದಿನವಿಡೀ ನಡೆದ ಸ್ನಾಯು. ಏಳೆಂಟು ಗಂಟೆ ಸಣ್ಣ ಉರಿಯಲ್ಲಿ ಕೂತು ಆ ಅಂಟೆಲ್ಲ ರಸಕ್ಕೆ ಇಳಿದಿತ್ತು. ತುಟಿಗೆ ತುಟಿ ಅಂಟುವ ರಸ, ನಮ್ಮ ಕಾಲು ಸೂಪಿನದೇ ವಂಶ. ಬಾರ್ಲಿ ಕಾಳು ಆ ರಸವನ್ನು ಕುಡಿದು ಊದಿಕೊಂಡಿತ್ತು. ಪಾರ್ಸ್ನಿಪ್ಪನ್ನು ಅಡುಗೆಯವನು ಕರಗುವ ಹೊತ್ತಿಗೆ ಹಿಡಿದು ನಿಲ್ಲಿಸಿದ್ದ. ಮೇಲೆ ತುರಿದ ಹಸಿ ಮುಲ್ಲಂಗಿಯ ಖಾರ. ರಿಬ್‌ಐ ತಿನ್ನುವಾಗ ನಾನು ಬೆಂಕಿಯನ್ನೂ ಕೋಣೆಯ ತಂಪನ್ನೂ ಮೆಚ್ಚಿದ್ದೆ. ಇದರಲ್ಲಿ ವಿಸ್ಕಾನ್ಸಿನ್‌ನ ಮಾರ್ಚ್ ತಿಂಗಳಿತ್ತು: ನೆಲಮಾಳಿಗೆಯ ಗಡ್ಡೆ, ಕಣಜದ ಕಾಳು, ನಡೆದ ದನ. ಮೆನುವಿನ ಮೊದಲ ಸಾಲು ಕೊಟ್ಟ ಮಾತನ್ನು ಕೊನೆಯ ಸಾಲು ಉಳಿಸಿಕೊಂಡಿತ್ತು. ಅದೊಂದನ್ನು ಮಾತ್ರ ಅವರು ದಪ್ಪಕ್ಷರದಲ್ಲಿ ಬರೆದಿರಲಿಲ್ಲ.

“ಮಾವ, ಇನ್ನೊಂದು ಹೇಳ್ಲಾ?” ಅಂದ ಅಕ್ಕನ ಮಗ. ಹೇಳಿದ. ಹುಡುಗಿ ಹೋಗಿ ಬಂದು, ಇವತ್ತಿಗೆ ಎಂಟೇ ತಟ್ಟೆ ಮಾಡಿದ್ದು, ನಿಮ್ಮದು ಎಂಟನೆಯದು ಎಂದಳು. ಮುಂದಿನ ಅರ್ಧ ದನ ಬರುವುದು ಮಂಗಳವಾರವಲ್ಲ, ಅದರ ಮುಂದಿನ ಮಂಗಳವಾರ. ಕಾಲು ಬೇಯುವುದು ಅದರ ಗುರುವಾರ. ಅವನು ಫೋನು ತೆಗೆದು ತಾರೀಖು ಬರೆದುಕೊಂಡ.